ಆಕಾಶದ ಕಣ್ಣಿಗೆ ಅಡಿಕೆ ತೋಟ ಕಂಡ ಬಗೆ

2025ರ ಆಗಸ್ಟ್ ತಿಂಗಳಿನಲ್ಲಿ ಬಂದ ಒಂದು ಸುದ್ದಿ ಆಗಬೇಕಾದಷ್ಟು ಚರ್ಚೆಯಾಗಲಿಲ್ಲ. ಭೂಮಿಯನ್ನು ವೀಕ್ಷಿಸುವ ಹನ್ನೆರಡು ಉಪಗ್ರಹಗಳ ಸಮೂಹವೊಂದನ್ನು ನಿರ್ಮಿಸಿ, ಉಡಾಯಿಸಿ, ನಡೆಸುವ ಹೊಣೆಯನ್ನು ಕೇಂದ್ರದ ‘ಇನ್‌-ಸ್ಪೇಸ್’ ಸಂಸ್ಥೆಯು ಬೆಂಗಳೂರಿನ ಪಿಕ್ಸೆಲ್ ಕಂಪನಿಯ ನೇತೃತ್ವದ ಖಾಸಗಿ ಕೂಟವೊಂದಕ್ಕೆ ವಹಿಸಿತು. ಐದು ವರ್ಷಗಳಲ್ಲಿ ಹೂಡಬೇಕಾದ ಬಂಡವಾಳ 1,200 ಕೋಟಿ ರೂಪಾಯಿಗೂ ಹೆಚ್ಚು. ಸರ್ಕಾರ 350 ಕೋಟಿ ರೂಪಾಯಿಯವರೆಗೆ ನೆರವು ನೀಡಲು ಸಿದ್ಧವಿತ್ತು. ಅದರಲ್ಲಿ ಒಂದು ರೂಪಾಯಿಯೂ ಬೇಡವೆಂದು ಬಿಡ್ ಸಲ್ಲಿಸಿ ಈ ಕೂಟ ಗೆದ್ದಿತು. ಅರ್ಥಶಾಸ್ತ್ರ ಓದಿ, ಮೂರು ದಶಕ ಸರ್ಕಾರಿ ಟೆಂಡರುಗಳನ್ನು ತೆರೆದು ನೋಡಿದ ನನಗೆ ಆ ಸೊನ್ನೆ ಸಂತೋಷ ಕೊಟ್ಟಷ್ಟೇ ಕುತೂಹಲವನ್ನೂ ಕೆರಳಿಸಿತು. ಸರ್ಕಾರದ ಹಣ ಬೇಡವೆಂದವರು ತಮ್ಮ ಹಣವನ್ನು ಎಲ್ಲಿಂದ ಹಿಂಪಡೆಯುತ್ತಾರೆ? ಚಿತ್ರಗಳ ಮಾರಾಟದಿಂದ. ಚಿತ್ರಗಳನ್ನು ಕೊಳ್ಳುವ ದೊಡ್ಡ ಗಿರಾಕಿ ಯಾರು? ಪ್ರಪಂಚದ ಎಲ್ಲೆಡೆಯಂತೆ ಇಲ್ಲಿಯೂ ಸರ್ಕಾರವೇ.

ಖಾಸಗಿಯವರು ಬಾಹ್ಯಾಕಾಶಕ್ಕೆ ಹೋಗಬಾರದೆಂಬ ಪಂಥದವನು ನಾನಲ್ಲ. ನಿವೃತ್ತನಾಗಿ ಹೊಸನಗರ ತಾಲ್ಲೂಕಿನ ನಗರದಲ್ಲಿ, ಶಿವಪ್ಪನಾಯಕನ ಕೋಟೆ ಕಾಣುವಷ್ಟು ದೂರದಲ್ಲಿ ನೆಲೆಸಿದ್ದೇನೆ. ಮಳೆಗಾಲದಲ್ಲಿ ವಿದ್ಯುತ್ ಇದ್ದಷ್ಟು ಹೊತ್ತು ಹಳೆಯ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಹಾಕಿಕೊಂಡು ಉಪಗ್ರಹ ಚಿತ್ರಗಳನ್ನು ಬಿಡಿಸಿ ನೋಡುವುದು ನನಗೆ ಅಂಟಿದ ಚಟ. ಪಿಕ್ಸೆಲ್ ಕಂಪನಿಯನ್ನು 2019ರಲ್ಲಿ ಇಬ್ಬರು ವಿದ್ಯಾರ್ಥಿಗಳು ಕಟ್ಟಿದರು. ಅವರಲ್ಲೊಬ್ಬರಾದ ಅವೈಸ್ ಅಹ್ಮದ್ ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನವರು ಎಂದು ಓದಿದಾಗ ಮಲೆನಾಡಿನವನಾದ ನನಗೆ ಆದ ಹೆಮ್ಮೆಯನ್ನು ಮುಚ್ಚಿಡುವುದಿಲ್ಲ. 2025ರ ಜನವರಿಯಲ್ಲಿ ಅವರ ಮೊದಲ ಮೂರು ‘ಫೈರ್‌ಫ್ಲೈ’ ಉಪಗ್ರಹಗಳು ಅಮೆರಿಕದ ಸ್ಪೇಸ್‌ಎಕ್ಸ್ ರಾಕೆಟ್ಟಿನಲ್ಲಿ ಕಕ್ಷೆ ಸೇರಿದವು. ನಮ್ಮ ಹಳೆಯ ದೂರಸಂವೇದಿ ಉಪಗ್ರಹಗಳ ಲಿಸ್-3 ಕ್ಯಾಮರಾ ಬೆಳಕನ್ನು ನಾಲ್ಕು ಪಟ್ಟಿಗಳಾಗಿ ಸೀಳಿ ನೋಡುತ್ತಿತ್ತು. ಇವು ನೂರ ಮೂವತ್ತೈದಕ್ಕೂ ಹೆಚ್ಚು ಪಟ್ಟಿಗಳಾಗಿ ಸೀಳುತ್ತವೆ.

ಇದರಿಂದ ನಮಗೇನು ಎಂದು ಕೇಳುವವರಿಗೆ ನಗರ ಹೋಬಳಿಯ ಯಾವುದೇ ಅಡಿಕೆ ತೋಟ ಉತ್ತರ ಕೊಟ್ಟೀತು. ಎಲೆಚುಕ್ಕಿ ರೋಗ ಈ ಭಾಗದಲ್ಲಿ ಸೋಗೆಯನ್ನಷ್ಟೇ ಅಲ್ಲ, ಸಂಸಾರಗಳನ್ನೂ ಒಣಗಿಸಿದೆ. ಎಲೆಯ ಮೇಲೆ ಚುಕ್ಕೆ ನಮ್ಮ ಕಣ್ಣಿಗೆ ಬೀಳುವ ಮೊದಲೇ ಅದು ಪ್ರತಿಫಲಿಸುವ ಬೆಳಕಿನಲ್ಲಿ ಸೂಕ್ಷ್ಮ ವ್ಯತ್ಯಾಸ ಉಂಟಾಗುತ್ತದೆ. ಬಹುಪಟ್ಟಿಯ ಕ್ಯಾಮರಾ ಅದನ್ನು ಗುರುತಿಸಬಲ್ಲದು ಎಂಬುದೇ ಈ ತಂತ್ರಜ್ಞಾನದ ಆಶ್ವಾಸನೆ. ತೊಡಕೂ ಇದೆ. ರೋಗ ಹರಡುವುದು ಮಳೆಗಾಲದಲ್ಲಿ. ಹುಲಿಕಲ್, ಮಾಸ್ತಿಕಟ್ಟೆಗಳ ಮೇಲೆ ಜೂನ್‌ನಿಂದ ಕವಿದ ಮೋಡದೊಳಗೆ ಯಾವ ಬೆಳಕಿನ ಕ್ಯಾಮರಾವೂ ಇಣುಕಲಾರದು. ಮೋಡವನ್ನು ತೂರಿ ನೋಡಲು ರೇಡಾರ್ ಬೇಕು. 2025ರ ಜುಲೈ 30ರಂದು ಇಸ್ರೋ ಮತ್ತು ನಾಸಾ ಕೂಡಿ ಹಾರಿಸಿದ ‘ನಿಸಾರ್’ ಅಂಥದು. ಹನ್ನೆರಡು ದಿನಕ್ಕೊಮ್ಮೆ ಅದು ಒಂದೇ ಜಾಗವನ್ನು ಮತ್ತೆ ನೋಡುತ್ತದೆ. ಅದರ ದತ್ತಾಂಶ ಉಚಿತ ಮತ್ತು ಮುಕ್ತವಾಗಿರಬೇಕೆಂಬುದು ಯೋಜನೆಯ ನೀತಿ. ಸಾರ್ವಜನಿಕ ಉಪಗ್ರಹ, ಖಾಸಗಿ ಉಪಗ್ರಹ ಎರಡೂ ನಮಗೆ ಬೇಕು. ಆ ವಿಷಯದಲ್ಲಿ ಜಗಳವಿಲ್ಲ.

ಜಗಳ ಇರುವುದು ಬೇರೆಡೆ. ನೆರೆಯ ತೋಟದ ಎಂಬತ್ತು ದಾಟಿದ ಹಿರಿಯರೊಬ್ಬರು ಒಂದು ಸಂಜೆ ನಮ್ಮ ಜಗಲಿಯಲ್ಲಿ ಕುಳಿತು, ನನ್ನ ಲ್ಯಾಪ್‌ಟಾಪಿನ ಚಿತ್ರವನ್ನು ಬಹಳ ಹೊತ್ತು ದಿಟ್ಟಿಸಿ ಕೇಳಿದರು: “ಅಲ್ಲ ಮಾರಾಯ್ರೇ, ಮೇಲಿಂದ ನೋಡಿದವನಿಗೆ ನನ್ನ ತೋಟ ಕಾಡು ಅಂತ ಕಂಡರೆ, ನಾನು ಅರ್ಜಿ ಕೊಡೋದು ಯಾರಿಗೆ?”

ಇದು ಕುಹಕದ ಪ್ರಶ್ನೆಯಲ್ಲ. ಇದರ ಹಿಂದೆ ಹತ್ತಾರು ವರ್ಷಗಳ ಆತಂಕವಿದೆ. ಇಸ್ರೋದ ಮಾಜಿ ಅಧ್ಯಕ್ಷರಾದ ಕೆ. ಕಸ್ತೂರಿರಂಗನ್ ಅವರ ನೇತೃತ್ವದ ಕಾರ್ಯತಂಡ 2013ರ ಏಪ್ರಿಲ್‌ನಲ್ಲಿ ಪಶ್ಚಿಮ ಘಟ್ಟಗಳ ಬಗ್ಗೆ ವರದಿ ಸಲ್ಲಿಸಿತು. ಅದಕ್ಕೂ ಮೊದಲಿನ ಮಾಧವ ಗಾಡ್ಗೀಳ್ ಸಮಿತಿ ಸುಮಾರು ಒಂಬತ್ತು ಕಿಲೋಮೀಟರ್ ಅಗಲದ ಚೌಕಗಳಲ್ಲಿ ಘಟ್ಟವನ್ನು ವಿಂಗಡಿಸಿತ್ತು. ಕಸ್ತೂರಿರಂಗನ್ ತಂಡ 24 ಮೀಟರ್ ಸೂಕ್ಷ್ಮತೆಯ ಉಪಗ್ರಹ ಚಿತ್ರಗಳನ್ನು ಬಳಸಿ, ನೆಲವನ್ನು ‘ನೈಸರ್ಗಿಕ’ ಮತ್ತು ‘ಸಾಂಸ್ಕೃತಿಕ’ ಎಂದು ಎರಡಾಗಿ ಬೇರ್ಪಡಿಸಿತು. ತೋಟ, ಗದ್ದೆ, ಊರುಗಳು ಎರಡನೆಯದಕ್ಕೆ ಸೇರಿದವು. ಶೇಕಡಾ 20 ಅಥವಾ ಅದಕ್ಕಿಂತ ಹೆಚ್ಚು ಭಾಗ ಸೂಕ್ಷ್ಮವೆಂದು ಕಂಡ ಗ್ರಾಮವನ್ನು ಇಡಿಯಾಗಿ ಪರಿಸರ ಸೂಕ್ಷ್ಮ ಪಟ್ಟಿಗೆ ಸೇರಿಸಲಾಯಿತು. ಕರ್ನಾಟಕದಲ್ಲಿ ಹೀಗೆ ಗುರುತಾದ ಪ್ರದೇಶ 20,668 ಚದರ ಕಿಲೋಮೀಟರ್, ಗ್ರಾಮಗಳು ಒಂದೂವರೆ ಸಾವಿರಕ್ಕೂ ಹೆಚ್ಚು. ಹೊಸನಗರ, ತೀರ್ಥಹಳ್ಳಿ, ಸಾಗರ ತಾಲ್ಲೂಕುಗಳ ಅನೇಕ ಹಳ್ಳಿಗಳು ಅದರಲ್ಲಿದ್ದವು. ಹಿಂದಿಗಿಂತ ಎಷ್ಟೋ ಸೂಕ್ಷ್ಮವಾದ ವಿಧಾನ ಇದು ಎಂಬುದನ್ನು ಒಪ್ಪಲೇಬೇಕು. ವರದಿ ಬೇಸಾಯವನ್ನು ನಿಷೇಧಿಸಿರಲಿಲ್ಲ ಎಂಬುದನ್ನೂ ಹೇಳಬೇಕು. ಗಣಿ, ಕಲ್ಲುಕ್ವಾರಿ, ಭಾರಿ ಕಟ್ಟಡಗಳಂಥವಕ್ಕೆ ಅದರ ತಡೆಯಿದ್ದದ್ದು. ಆದರೂ ಭಯ ಹುಟ್ಟಿತು. ತೋಟವನ್ನು ಕಾಡೆಂದು ಎಣಿಸಿದ್ದಾರೆ ಎಂಬ ದೂರು ಕೇರಳದಿಂದ ಸಾಗರದವರೆಗೆ ಕೇಳಿಬಂತು.

ಆ ದೂರಿನಲ್ಲಿ ಹುರುಳಿತ್ತೇ? ನಮ್ಮ ಗುಂಟೆಯ ಲೆಕ್ಕದಲ್ಲಿ ನೋಡೋಣ. 24 ಮೀಟರ್ ಚಿತ್ರದಲ್ಲಿ ಒಂದು ಚಿತ್ರಬಿಂದು ಎಂದರೆ 576 ಚದರ ಮೀಟರ್. ಐದೂವರೆ ಗುಂಟೆಗೂ ಸ್ವಲ್ಪ ಹೆಚ್ಚು. ಅರ್ಧ ಎಕರೆ ತೋಟವಿರುವ ಸಣ್ಣ ಹಿಡುವಳಿದಾರ ಆ ಚಿತ್ರದಲ್ಲಿ ಮೂರೂವರೆ ಚೌಕ ಮಾತ್ರ. ನಮ್ಮ ತೋಟಗಳಾದರೋ ಬಯಲುಸೀಮೆಯ ಹೊಲಗಳಂತೆ ಚಾಪೆ ಹಾಸಿದ ಹಾಗಿರುವುದಿಲ್ಲ. ಕಣಿವೆಯ ಅಂಚಿನಲ್ಲಿ ಸೀಳಿನಂತೆ ಇಳಿದಿರುತ್ತವೆ. ಅಡಿಕೆ ಮರಕ್ಕೆ ಕಾಳುಮೆಣಸಿನ ಬಳ್ಳಿ, ಕೆಳಗೆ ಬಾಳೆ, ಏಲಕ್ಕಿ. ಮೇಲ್ಗಡೆ ಸೊಪ್ಪಿನಬೆಟ್ಟ, ಅದರಾಚೆ ಕಾನು. ಸೊಪ್ಪಿನಬೆಟ್ಟವೆಂದರೆ ತೋಟಕ್ಕೆ ಹಸಿರೆಲೆ ಗೊಬ್ಬರ ಕೊಯ್ಯಲು ತಲೆಮಾರುಗಳಿಂದ ಬಿಟ್ಟುಕೊಟ್ಟ ಜಾಗ. ಕಂದಾಯ ದಾಖಲೆಯಲ್ಲಿ ಅದಕ್ಕೆ ತನ್ನದೇ ಹೆಸರಿದೆ, ತನ್ನದೇ ಹಕ್ಕುಬಾಧ್ಯತೆಗಳಿವೆ. ಮೇಲಿನಿಂದ ನೋಡುವ ಕಣ್ಣಿಗೆ ಅದೂ ಹಸಿರು, ಕಾನೂ ಹಸಿರು, ತೋಟವೂ ಹಸಿರು.

ಈ ಹಸಿರನ್ನು ಬೇರ್ಪಡಿಸುವುದು ಉಪಗ್ರಹವಲ್ಲ, ತಂತ್ರಾಂಶ. ಓದುಗರು ಇದನ್ನು ಗಮನಿಸಬೇಕೆಂದು ಕೋರುತ್ತೇನೆ, ಏಕೆಂದರೆ ನಮ್ಮ ಸಾರ್ವಜನಿಕ ಚರ್ಚೆಯಲ್ಲಿ ‘ಉಪಗ್ರಹ ಹೇಳಿತು’ ಎಂಬ ಮಾತು ದೈವವಾಣಿಯಂತೆ ಬಳಕೆಯಾಗುತ್ತಿದೆ. ನಡೆಯುವುದು ಇಷ್ಟು: ವಿಶ್ಲೇಷಕ ಕೆಲವು ಮಾದರಿ ತಾಣಗಳನ್ನು ಆರಿಸಿ ‘ಇದು ಕಾಡು, ಇದು ತೋಟ, ಇದು ನೀರು’ ಎಂದು ತಂತ್ರಾಂಶಕ್ಕೆ ಕಲಿಸುತ್ತಾನೆ. ಉಳಿದ ಲಕ್ಷಾಂತರ ಚೌಕಗಳನ್ನು ತಂತ್ರಾಂಶ ಹೋಲಿಕೆಯ ಮೇಲೆ ಹಂಚಿಹಾಕುತ್ತದೆ. ಮಾದರಿ ತಾಣಗಳು ಯಾವುವು, ಅವನ್ನು ಯಾರಾದರೂ ನೆಲದ ಮೇಲೆ ಹೋಗಿ ನೋಡಿದ್ದರೇ, ಹೋಲಿಕೆಯ ಮಿತಿಯನ್ನು ಎಲ್ಲಿ ಎಳೆಯಲಾಯಿತು, ನೂರರಲ್ಲಿ ಎಷ್ಟು ತಪ್ಪಿತು ಎಂಬುದರ ಮೇಲೆ ನಕ್ಷೆಯ ಬೆಲೆ ನಿಂತಿದೆ. ಈ ನಾಲ್ಕೂ ತಿಳಿಯದ ನಕ್ಷೆ, ಸಾಕ್ಷಿಯ ಹೆಸರಿಲ್ಲದ ಮಹಜರಿನಂತೆ.

ಇಂಥ ಮಹಜರಿಗೆ ನಾನೂ ಒಮ್ಮೆ ಸಹಿ ಹಾಕಿದ್ದೇನೆ. ಎರಡು ದಶಕಗಳ ಹಿಂದೆ ಒಂದು ಉಪವಿಭಾಗದಲ್ಲಿ ನಾನಿದ್ದಾಗ, ಹೊರಗಿನ ಸಂಸ್ಥೆಯೊಂದು ತಯಾರಿಸಿದ ಒತ್ತುವರಿ ನಕ್ಷೆ ಮೇಜಿಗೆ ಬಂತು. ಬಣ್ಣಬಣ್ಣದ, ನುಣುಪಾದ ಹಾಳೆಗಳು. ಅದರ ಆಧಾರದ ಮೇಲೆ ನೋಟಿಸುಗಳನ್ನು ಹೊರಡಿಸಿದೆ. ಅದರಲ್ಲೊಂದು ಕುಟುಂಬ ತಾತನ ಕಾಲದ ಕಂದಾಯ ರಸೀದಿಗಳನ್ನು ತಗಡಿನ ಪೆಟ್ಟಿಗೆಯಲ್ಲಿ ಹೊತ್ತು ತಂದಿತು. ಭೂಮಾಪಕರನ್ನು ಕಳಿಸಿ ಸರಪಳಿ ಹಿಡಿಸಿದಾಗ ‘ಒತ್ತುವರಿ’ ಎಂದಿದ್ದ ಜಾಗ ಅವರ ಸರ್ವೆ ನಂಬರಿನೊಳಗೇ ಇತ್ತು. ಹೇಗೆ ತಪ್ಪಾಯಿತೆಂದು ಸಂಸ್ಥೆಯನ್ನು ಕೇಳಿದೆ. ‘ಅದು ತಂತ್ರಾಂಶದ ಫಲಿತಾಂಶ’ ಎಂಬ ಉತ್ತರ ಬಂತು. ತಂತ್ರಾಂಶ ಯಾವುದು, ಮಾದರಿ ಯಾವುದು ಎಂದು ಕೇಳಿದ್ದಕ್ಕೆ ಅದು ತಮ್ಮ ಸ್ವತ್ತು ಎಂದರು. ಆ ಒಂದು ನೋಟಿಸನ್ನು ಹಿಂಪಡೆದೆ. ಉಳಿದವನ್ನು ಮರುಪರಿಶೀಲಿಸುವ ಮೊದಲೇ ನನಗೆ ವರ್ಗವಾಯಿತು. ತಗಡಿನ ಪೆಟ್ಟಿಗೆಯಿಲ್ಲದವರು ಎಷ್ಟು ಮಂದಿ ಇದ್ದರೋ ನನಗೆ ಇಂದಿಗೂ ತಿಳಿಯದು.

ನಾನಿರುವ ಊರಿನ ಚರಿತ್ರೆಯಲ್ಲಿ ಇದಕ್ಕಿಂತ ಲೇಸಾದ ನಿದರ್ಶನವಿದೆ. ಹದಿನೇಳನೆಯ ಶತಮಾನದಲ್ಲಿ ಈ ನಗರ, ಅಂದಿನ ಬಿದನೂರು, ಕೆಳದಿ ಅರಸರ ರಾಜಧಾನಿ. ಭೂಕಂದಾಯ ನಿಗದಿಗೆ ಶಿವಪ್ಪನಾಯಕ ಅನುಸರಿಸಿದ ಕ್ರಮವೇ ‘ಶಿಸ್ತು’ ಎಂದು ಹೆಸರಾಯಿತು. ಹಳೆಯ ಗೆಜೆಟಿಯರ್‌ಗಳ ಪ್ರಕಾರ ಆತ ಒಂದೊಂದು ಬಗೆಯ ಭೂಮಿಯ ಒಂದೊಂದು ಹೊಲವನ್ನು ಸತತ ಹಲವು ವರ್ಷ ತನ್ನ ಖರ್ಚಿನಲ್ಲೇ ಬೇಸಾಯ ಮಾಡಿಸಿ, ಬಿತ್ತಿದ್ದೆಷ್ಟು, ವೆಚ್ಚವೆಷ್ಟು, ಬೆಳೆದದ್ದೆಷ್ಟು ಎಂದು ಬರೆಸಿ, ಅದರ ಸರಾಸರಿಯ ಮೇಲೆ ಕಂದಾಯ ಗೊತ್ತುಮಾಡಿದ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅವೇ ಮಾದರಿ ತಾಣಗಳು. ವ್ಯತ್ಯಾಸವೆಂದರೆ ಆ ಹೊಲ ಊರಿನ ಪಕ್ಕದಲ್ಲೇ ಇತ್ತು. ಅಲ್ಲಿ ಬೆಳೆದದ್ದನ್ನು ರೈತ ಕಣ್ಣಾರೆ ನೋಡಬಹುದಿತ್ತು.

ಮುಕ್ತ ತಂತ್ರಾಂಶವೆಂದರೆ ಕೆಲವು ಯುವಕರ ಹವ್ಯಾಸ, ಇಲ್ಲವೇ ಕಾಸು ಉಳಿಸುವ ಉಪಾಯ ಎಂದು ನಮ್ಮ ಕಚೇರಿಗಳಲ್ಲಿ ಭಾವಿಸಿದವರೇ ಹೆಚ್ಚು. ಅದರ ನಿಜವಾದ ಬೆಲೆ ಊರಿನ ಪಕ್ಕದ ಆ ಹೊಲದ ಬೆಲೆ. ಲೆಕ್ಕ ಹಾಕುವ ಸೂಚನೆಗಳನ್ನು ಯಾರು ಬೇಕಾದರೂ ತೆರೆದು ಓದಬಹುದು, ತಮ್ಮ ಯಂತ್ರದಲ್ಲಿ ಮತ್ತೆ ನಡೆಸಿ ಅದೇ ಉತ್ತರ ಬರುತ್ತದೆಯೇ ಎಂದು ನೋಡಬಹುದು. ನಕ್ಷೆ ತಯಾರಿಸಲು ಇಂಥ ಸಾಧನಗಳಿಗೆ ಕೊರತೆಯಿಲ್ಲ. ‘ಗ್ರಾಸ್’ ಎಂಬ ತಂತ್ರಾಂಶವನ್ನು 1980ರ ದಶಕದಲ್ಲಿ ಅಮೆರಿಕದ ಸೇನಾ ಎಂಜಿನಿಯರುಗಳು ರೂಪಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಪಶ್ಚಿಮ ಘಟ್ಟದ ಭೂಬಳಕೆಯನ್ನು ಅದರಿಂದಲೇ ಅಧ್ಯಯನ ಮಾಡಿದ್ದಾರೆ. 2002ರಲ್ಲಿ ಆರಂಭವಾದ ‘ಕ್ಯೂಜಿಐಎಸ್’ ನನ್ನ ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ.

ಸ್ವಾರಸ್ಯವೆಂದರೆ, ಖಾಸಗಿ ಬಾಹ್ಯಾಕಾಶ ಉದ್ಯಮ ನಿಂತಿರುವುದೇ ಈ ಸಾರ್ವಜನಿಕ ನೆಲದ ಮೇಲೆ. ಸ್ಪೇಸ್‌ಎಕ್ಸ್‌ನ ಫಾಲ್ಕನ್ ರಾಕೆಟ್ಟಿನ ಗಣಕಗಳು ಲಿನಕ್ಸ್ ಬಳಸುತ್ತವೆ. 2021ರ ಏಪ್ರಿಲ್ 19ರಂದು ಮಂಗಳ ಗ್ರಹದಲ್ಲಿ ಹಾರಿದ ನಾಸಾದ ಪುಟ್ಟ ಹೆಲಿಕಾಪ್ಟರ್ ‘ಇಂಜೆನ್ಯುಯಿಟಿ’ಯೂ ಅಷ್ಟೇ, ಅದರ ಹಾರಾಟಕ್ಕೆ ತಿಳಿಯದೆಯೇ ನೆರವಾದ ಸುಮಾರು ಹನ್ನೆರಡು ಸಾವಿರ ತಂತ್ರಾಂಶಕಾರರನ್ನು ಬಳಿಕ ಗುರುತಿಸಿ ಗೌರವಿಸಲಾಯಿತು. ಸಂಬಳವಿಲ್ಲದೆ ಬರೆದವರ ಶ್ರಮ ಹಾರಲು ಬೇಕು. ಹಾರಿ ತೆಗೆದ ಚಿತ್ರಕ್ಕೆ ಮಾತ್ರ ಬೀಗ.

ಬೀಗ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಕತೆಗಿಂತ ಸ್ಪಷ್ಟ ಪಾಠ ಬೇರೆಯಿಲ್ಲ. 1984ರಲ್ಲಿ ಅಲ್ಲಿನ ಸರ್ಕಾರ ಕಾನೂನು ಮಾಡಿ ಆ ಚಿತ್ರಗಳ ಮಾರಾಟವನ್ನು ಖಾಸಗಿ ಕಂಪನಿಗೆ ವಹಿಸಿತು. ಒಂದು ಚಿತ್ರದ ಬೆಲೆ ನಾಲ್ಕು ಸಾವಿರ ಡಾಲರ್ ದಾಟಿತು. ವಿಶ್ವವಿದ್ಯಾಲಯಗಳು ಕೊಳ್ಳುವುದನ್ನು ಬಿಟ್ಟವು. 1992ರಲ್ಲಿ ಇನ್ನೊಂದು ಕಾನೂನು ತಂದು ಅದನ್ನು ಸರ್ಕಾರವೇ ಹಿಂದಕ್ಕೆ ಪಡೆಯಿತು. 2008ರಲ್ಲಿ ಎಲ್ಲ ಚಿತ್ರಗಳನ್ನು ಉಚಿತಗೊಳಿಸಲಾಯಿತು. ಮಾರಾಟದ ಕಾಲದಲ್ಲಿ ಅತಿ ಹೆಚ್ಚು ವ್ಯಾಪಾರವಾದ 2001ರಲ್ಲಿ ಹೋದದ್ದು ಸುಮಾರು 25,000 ಚಿತ್ರಗಳು. ಮುಕ್ತವಾದ ಬಳಿಕ ವರ್ಷದೊಳಗೆ ಬಳಕೆ ಹತ್ತು ಲಕ್ಷ ದಾಟಿತು. ಒಮ್ಮೆ ತೆಗೆದ ಚಿತ್ರದ ಇನ್ನೊಂದು ಪ್ರತಿಗೆ ತಗಲುವ ವೆಚ್ಚ ಬಹುಮಟ್ಟಿಗೆ ಸೊನ್ನೆ; ಒಬ್ಬ ಬಳಸಿದರೆ ಇನ್ನೊಬ್ಬನಿಗೆ ಕಡಿಮೆಯಾಗುವುದಿಲ್ಲ. ಅರ್ಥಶಾಸ್ತ್ರದ ಮೊದಲ ವರ್ಷದ ಪಾಠವಿದು.

ನಮ್ಮಲ್ಲಿ ನೀತಿಗಳಿಗೇನೂ ಬರವಿಲ್ಲ. ಸರ್ಕಾರಿ ಕಚೇರಿಗಳು ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಬೇಕೆಂಬ ಕೇಂದ್ರದ ನೀತಿ 2015ರದು. ಇಸ್ರೋ ಉಪಗ್ರಹಗಳ ಐದು ಮೀಟರ್ ಮತ್ತು ಅದಕ್ಕಿಂತ ಸ್ಥೂಲವಾದ ಚಿತ್ರಗಳು ಎಲ್ಲರಿಗೂ ಮುಕ್ತವಾಗಿ ಸಿಗಬೇಕೆಂದು 2023ರ ಭಾರತೀಯ ಬಾಹ್ಯಾಕಾಶ ನೀತಿ ಹೇಳುತ್ತದೆ. ಆದರೆ ಆ ಮಾತು ಇಸ್ರೋದ ಉಪಗ್ರಹಗಳಿಗೆ. ನಾಳೆ ಖಾಸಗಿ ಉಪಗ್ರಹದ ಚಿತ್ರ ಕೊಂಡು, ಖಾಸಗಿ ತಂತ್ರಾಂಶದಿಂದ ವಿಂಗಡಿಸಿ, ಸರ್ಕಾರ ನನ್ನ ನೆರೆಯವರಿಗೆ ನೋಟಿಸು ಕೊಟ್ಟರೆ? 2024ರ ಆಗಸ್ಟ್‌ನಲ್ಲಿ ಪಶ್ಚಿಮ ಘಟ್ಟದ ಭೂಕುಸಿತಗಳ ಹಿನ್ನೆಲೆಯಲ್ಲಿ ರಾಜ್ಯದ ಅರಣ್ಯ ಸಚಿವರು 2015ರ ನಂತರದ ಅರಣ್ಯ ಒತ್ತುವರಿಗಳನ್ನು ತೆರವು ಮಾಡಲು ಸೂಚಿಸಿದರು. ಉದ್ದೇಶವನ್ನು ನಾನು ಪ್ರಶ್ನಿಸುವುದಿಲ್ಲ; ಗುಡ್ಡ ಕುಸಿಯುವುದನ್ನು ಕಂಡವರಾರೂ ಪ್ರಶ್ನಿಸಲಾರರು. ಆದರೆ 2015ರ ಮೊದಲೋ ನಂತರವೋ ಎಂಬ ಪ್ರಶ್ನೆ ಬಂದಾಗ ಎಲ್ಲರ ಕೈ ಮೊದಲು ಹೋಗುವುದು ಉಪಗ್ರಹ ಚಿತ್ರದ ಕಡೆಗೇ.

ಒಂದು ಕಡೆ ನಮ್ಮ ಕಾನೂನು ಈ ಅಪಾಯವನ್ನು ಮನಗಂಡಿದೆ. ಅರಣ್ಯ ಹಕ್ಕು ಕಾಯ್ದೆಯ ನಿಯಮಗಳಿಗೆ 2012ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಉಪಗ್ರಹ ಚಿತ್ರ ಇತರ ಸಾಕ್ಷ್ಯಗಳಿಗೆ ಪೂರಕವಾಗಬಹುದೇ ಹೊರತು ಅವುಗಳ ಬದಲಿಯಾಗಕೂಡದು. ಒಳ್ಳೆಯ ನಿಯಮ, ಆದರೆ ಆ ಕಾಯ್ದೆಯ ಅರ್ಜಿಗಳಿಗಷ್ಟೇ ಅನ್ವಯ. ಅದನ್ನು ಭೂಮಿಯ ಎಲ್ಲ ತಗಾದೆಗಳಿಗೂ ವಿಸ್ತರಿಸಿ, ಇನ್ನೊಂದು ಷರತ್ತು ಸೇರಿಸಬೇಕೆಂಬುದು ನನ್ನ ಸಲಹೆ. ಯಾವ ಚಿತ್ರದ ಆಧಾರದಿಂದ ಪ್ರಜೆಯ ವಿರುದ್ಧ ಆದೇಶವಾಗುತ್ತದೋ ಆ ತುಣುಕು ಚಿತ್ರ, ಮಾದರಿ ತಾಣಗಳ ಪಟ್ಟಿ, ತಂತ್ರಾಂಶದ ಸೋರ್ಸ್ ಕೋಡ್, ತಪ್ಪಿನ ಪ್ರಮಾಣ ಇಷ್ಟನ್ನೂ ನೋಟಿಸಿನ ಜೊತೆಗೇ ಅವನಿಗೆ ಕೊಡಬೇಕು. ಇದನ್ನು ಖರೀದಿ ಕರಾರಿನಲ್ಲೇ ಬರೆಯಬೇಕು. ಕಂಪನಿ ತನ್ನ ಇಡೀ ಭಂಡಾರವನ್ನು ಧರ್ಮಕ್ಕೆ ಹಂಚಬೇಕೆಂದು ನಾನು ಹೇಳುತ್ತಿಲ್ಲ. ವಿಮಾ ಕಂಪನಿಗೋ ಗಣಿ ಕಂಪನಿಗೋ ಬೇಕಾದ ಬೆಲೆಗೆ ಮಾರಿಕೊಳ್ಳಲಿ.

ವ್ಯಾಪಾರ ರಹಸ್ಯ, ರಾಷ್ಟ್ರೀಯ ಭದ್ರತೆ ಎಂಬ ಆಕ್ಷೇಪಗಳು ಬರುತ್ತವೆ. ಅರ್ಧ ಎಕರೆ ಅಡಿಕೆ ತೋಟದಲ್ಲಿ ರಾಷ್ಟ್ರದ ಗುಟ್ಟು ಅಡಗಿರಲಾರದು. ರಹಸ್ಯದ ಮಾತಿಗೆ ಬಂದರೆ, ಬೆಂಗಳೂರಿನಲ್ಲೇ 2005ರಲ್ಲಿ ಮುಚ್ಚಿದ ಬಾಗಿಲ ಹಿಂದೆ ಆದ ಆಂಟ್ರಿಕ್ಸ್-ದೇವಾಸ್ ಒಪ್ಪಂದ 2011ರಲ್ಲಿ ರದ್ದಾಗಿ, ಹಲವು ದೇಶಗಳ ನ್ಯಾಯಾಲಯಗಳನ್ನು ಸುತ್ತಿದ್ದನ್ನು ಅಧಿಕಾರಿ ವರ್ಗ ಮರೆಯಬಾರದು. ಸೋರ್ಸ್ ಕೋಡ್ ಕೊಟ್ಟರೆ ರೈತ ಓದುತ್ತಾನೆಯೇ ಎಂಬ ವ್ಯಂಗ್ಯವನ್ನೂ ಕೇಳಿದ್ದೇನೆ. ಪಹಣಿಯ ಕಲಂಗಳನ್ನೂ ಎಲ್ಲರೂ ಓದಬಲ್ಲರೆಂದೇನಿಲ್ಲ. ಓದಬಲ್ಲವರ ಬಳಿ ಒಯ್ಯುತ್ತಾರೆ. ಮೊಬೈಲಿನಲ್ಲಿ ‘ದಿಶಾಂಕ್’ ಆ್ಯಪ್ ತೆರೆದು ತಮ್ಮ ಸರ್ವೆ ನಂಬರಿನ ಗಡಿ ನೋಡಿಕೊಳ್ಳುವುದನ್ನು ನಮ್ಮ ಹಳ್ಳಿಗರು ಕಲಿತಿದ್ದಾರೆ. ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿ ಶಿವಪ್ಪನಾಯಕನ ಹೆಸರಿನದೇ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯವಿದೆ. ಅಡಿಕೆ, ಸೊಪ್ಪಿನಬೆಟ್ಟ, ಕಾನುಗಳು ಬೆಳಕಿನ ಯಾವ ಪಟ್ಟಿಯಲ್ಲಿ ಹೇಗೆ ಕಾಣುತ್ತವೆ ಎಂಬುದನ್ನು ನೆಲದ ಮೇಲೆ ಅಳೆದು ಎಲ್ಲರಿಗೂ ತೆರೆದಿಡುವ ಕೆಲಸಕ್ಕೆ ಅದಕ್ಕಿಂತ ತಕ್ಕ ಸಂಸ್ಥೆ ಯಾವುದು?

ಕೇರಳ ಇದನ್ನು ಭಾಗಶಃ ಮಾಡಿತು. ಕಸ್ತೂರಿರಂಗನ್ ವರದಿ ಅಲ್ಲಿ ಗುರುತಿಸಿದ್ದು 13,108 ಚದರ ಕಿಲೋಮೀಟರ್, ಉಮ್ಮನ್ ವಿ. ಉಮ್ಮನ್ ಸಮಿತಿಯ ನಂತರ ಸ್ಥಳ ಪರಿಶೀಲನೆ ನಡೆಸಿ, ತೋಟ ಮತ್ತು ವಸತಿ ಪ್ರದೇಶಗಳನ್ನು ಬಿಟ್ಟು 9,993.7ಕ್ಕೆ ಇಳಿಸಿಕೊಂಡಿತು. ಆ ಕಡಿತದಲ್ಲಿ ರಾಜಕೀಯವಿರಲಿಲ್ಲವೆಂದು ನಾನು ಹೇಳಲಾರೆ. ಆದರೆ ಗಡಿಗೆರೆಯ ಬಗ್ಗೆ ವಾದವಾಯಿತು. ನಾವು 2014ರಿಂದ ಒಂದರ ಮೇಲೊಂದು ಕರಡು ಅಧಿಸೂಚನೆ ಬಂದಾಗಲೆಲ್ಲ ಬೇಡ ಎಂದೆವು. 2024ರ ಜುಲೈ 31ರಂದು ಆರನೆಯ ಕರಡು ಬಂದಾಗಲೂ ಅದರಲ್ಲಿ ಕರ್ನಾಟಕದ ಪಾಲು 20,668 ಎಂದೇ ಇತ್ತು. ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ವರದಿಯನ್ನು ಸಾರಾಸಗಟಾಗಿ ತಿರಸ್ಕರಿಸಿತು. ಹತ್ತು ವರ್ಷ ಕಳೆದರೂ ಅಂಕಿ ಮಿಸುಕದಿರುವುದು ನಕ್ಷೆ ಸರಿಯಿದ್ದುದರಿಂದಲ್ಲ. ಯಾವ ಚೌಕ ತಪ್ಪು ಎಂದು ತೋರಿಸುವ ಗೋಜಿಗೆ ನಾವು ಹೋಗದಿದ್ದುದರಿಂದ. ಕಾಪಾಡಲೇಬೇಕಾದ ಕಾಡು, ಬಿಡಲೇಬೇಕಾದ ತೋಟ ಎರಡೂ ಒಂದೇ ಕಡತದಲ್ಲಿ ಕೊಳೆಯುತ್ತಿವೆ.

ನೆರೆಯ ಹಿರಿಯರ ಮೊಮ್ಮಗ ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ. ದೀಪಾವಳಿಗೆ ಬಂದಾಗ ನಾವಿಬ್ಬರೂ ಕುಳಿತು ಯುರೋಪಿನವರು ಉಚಿತವಾಗಿ ಕೊಡುವ ಸೆಂಟಿನೆಲ್-2 ಉಪಗ್ರಹದ ಚಿತ್ರವನ್ನು ಕ್ಯೂಜಿಐಎಸ್‌ನಲ್ಲಿ ತೆರೆದೆವು. ಅದರ ಸೂಕ್ಷ್ಮತೆ ಹತ್ತು ಮೀಟರ್. ಒಂದು ಚೌಕವೆಂದರೆ ಸರಿಸುಮಾರು ಒಂದು ಗುಂಟೆ. ಹುಡುಗ ಊರೆಲ್ಲ ಸುತ್ತಿ ನಲವತ್ತು ಜಾಗಗಳನ್ನು ಗುರುತು ಮಾಡಿಕೊಂಡು ಬಂದ. ತಂತ್ರಾಂಶ ವಿಂಗಡಿಸಿ ಕೊಟ್ಟ ನಕ್ಷೆಯನ್ನು ಅಜ್ಜನ ಮುಂದಿಟ್ಟೆವು. ಅವರು ಕನ್ನಡಕ ಸರಿಮಾಡಿಕೊಂಡು, ಕೆಳಗಿನ ತೋಟದ ಅಂಚಿನಲ್ಲಿ ಕಡುಹಸಿರು ಬಿದ್ದಿದ್ದ ಹನ್ನೊಂದು ಚೌಕಗಳ ಮೇಲೆ ಬೆರಳಿಟ್ಟರು. “ಇದು ಕಾಡಲ್ಲ. ಹಳೇ ಅಡಿಕೆ, ನಡುವೆ ಹಲಸು. ನನ್ನಪ್ಪ ಹಾಕಿದ್ದು.” ಮೇಲ್ಭಾಗದಲ್ಲಿ ತೋಟವೆಂದು ತೋರುತ್ತಿದ್ದ ನಾಲ್ಕು ಚೌಕಗಳತ್ತ ಬೆರಳು ಹೊರಳಿತು. “ಇದು ತೋಟ ಅಲ್ಲ, ಸೊಪ್ಪಿನಬೆಟ್ಟ. ಅದನ್ನೂ ಬರ್ಕೊಳ್ಳಿ.”

ಹುಡುಗ ಎರಡನ್ನೂ ತಿದ್ದಿದ. ಅದನ್ನು ಕಾಗದಕ್ಕೆ ಇಳಿಸಿ ತರುವಂತೆ ಅಜ್ಜ ಅವನನ್ನು ಮರುದಿನ ಹೊಸನಗರಕ್ಕೆ ಕಳಿಸಿದರು. ಆ ಹಾಳೆ ಈಗ ಅವರ ಮನೆಯ ಪೆಟ್ಟಿಗೆಯಲ್ಲಿ ಪಹಣಿಗಳ ಜೊತೆ ಇದೆ.